ಅಂಟು ಬಿಡಿಸುವ ಅಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ರಿಪೇರಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಎರಡೂ ಕಿಟಕಿ ತೆರೆದು, ಫ್ಯಾನನ್ನು ಹೊರಕ್ಕೆ ಮುಖ ಮಾಡಿಸಿ, ಮೇಜಿನ ಮೇಲೆ ಹಳೆಯ ಹೊದಿಕೆ ಹಾಸುತ್ತಾರೆ. ಅದರ ಮೇಲೆ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡು. ಅದರ ವೈರು ಕಳಚಿ ದೂರದಲ್ಲಿಟ್ಟಿದ್ದಾರೆ. ಬಿಸಿಲೇರಿದರೆ ಜಿಗುಟು ಕರಗಿಸುವ ಸ್ಪಿರಿಟ್ ಅಂಟಿಗೆ ತಾಗುವ ಮೊದಲೇ ಹಾರಿಹೋಗುತ್ತದೆ. ಹಾಗಾಗಿ ನಾಜೂಕಿನ ಕೆಲಸವೆಲ್ಲ ಬಿಸಿಲು ಬಲಿಯುವ ಮುಂಚೆಯೇ.

ಎದುರಿನ ಸ್ಟೂಲಿನಲ್ಲಿ ಆಸ್ಪತ್ರೆಯ ಆಪರೇಟರ್ ಕೂತಿದ್ದಾರೆ. ಹುಟ್ಟಿನಿಂದಲೇ ಕಣ್ಣು ಕಾಣದವರು. ಬೋರ್ಡಿನ ಗುಂಡಿಗಳ ಮೇಲಿನ ಉಬ್ಬು ಚುಕ್ಕಿಗಳನ್ನು ಬೆರಳಿನಿಂದ ಓದಿ ಕರೆ ಜೋಡಿಸುತ್ತಾರೆ. ಚುಕ್ಕಿ ಉದುರದಿರಲಿ ಎಂದು ಕಚೇರಿಯ ಯಾರೋ ಪುಣ್ಯಾತ್ಮರು ಬೋರ್ಡಿನ ಉದ್ದಕ್ಕೂ ಅಗಲದ ಟೇಪ್ ಎಳೆದಿದ್ದರು. ಸೆಕೆಗೆ ಅದರ ಗಮ್ ಕರಗಿ ಗುಂಡಿಗಳ ಸಂದಿಗಿಳಿದಿದೆ. ಒತ್ತಿದ ಗುಂಡಿ ಮೇಲೆ ಬರುತ್ತಿಲ್ಲ. ಒಂಬತ್ತಕ್ಕೆ ಅವರ ಪಾಳಿ. ಅಷ್ಟರಲ್ಲಿ ಸರಿಹೋಗದಿದ್ದರೆ ಗಾಜಿನ ಟಚ್ ಬೋರ್ಡು ಕೂರಿಸಿ, ಅವರಿಗೆ ಬೇರೆ ಕೆಲಸ ನೋಡುವುದಾಗಿ ಮೇಲಧಿಕಾರಿ ಹೇಳಿಬಿಟ್ಟಿದ್ದಾರೆ.

“ಗಾಜಿನ ಮೇಲೆ ಬೆರಳಿಗೆ ಏನು ಸಿಗುತ್ತೆ ಅಕ್ಕ? ಬೋಳುತಲೆ ಸವರಿದ ಹಾಗೆ.”

“ಬೆಳಿಗ್ಗೆ ಬೆಳಿಗ್ಗೆ ನನ್ನ ತಮ್ಮನ ತಲೆ ಸುದ್ದಿ ಯಾಕಣ್ಣಾ?”

“ಕೇಳಿಸ್ತು!” ಎಂದು ಮುಂದಿನ ಕೋಣೆಯಿಂದ ಕೂಗುತ್ತಾರೆ ಅಂಗಡಿಯ ಯಜಮಾನರಾದ ತಮ್ಮ.

ಬೀದಿಯವರ ಬಾಯಲ್ಲಿ ಈಕೆ ‘ಅಂಟಕ್ಕ’. ವಯಸ್ಸಿನಲ್ಲಿ ಹಿರಿಯರಿಗೂ ಅಕ್ಕನೇ. ಹಳೆಯ ಕಂಪ್ಯೂಟರು, ಟಿವಿ, ಕ್ಯಾಮೆರಾಗಳ ಮೇಲೆ ಉಳಿದ ಸ್ಟಿಕ್ಕರು, ಟೇಪುಗಳ ಜಿಗುಟನ್ನು ಯಂತ್ರಕ್ಕೆ ನೋವಾಗದಂತೆ ತೆಗೆಯುವುದು ಹದಿನಾರು ವರ್ಷಗಳಿಂದ ಅವರ ಕೆಲಸ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಕಾರ್ಖಾನೆ ಮುಚ್ಚಿತು, ತಮ್ಮ ಕರೆದರು. “ಆಗ ಅಂಟಿಸಿದ ಪಾಪಾನೆಲ್ಲಾ ಈಗ ತೊಳೀತಾ ಇದೀನಿ” ಎನ್ನುತ್ತಾರೆ.

ಶುರುವಿನಲ್ಲಿ ಎಡವಟ್ಟುಗಳಾದವು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಟಿವಿಯ ಪ್ಲಾಸ್ಟಿಕ್ ಪರದೆ ಒರೆಸಿದಾಗ ಹಾಲು ಚೆಲ್ಲಿದಂತೆ ಮಂಜಾಗಿ ಕೂತಿತು. ಆದರೆ ಅವರಿಗೆ ಇವತ್ತಿಗೂ ಕಸಿವಿಸಿ ತರುವುದು ಆರು ವರ್ಷದ ಹಿಂದಿನ ಇನ್ನೊಂದು ತಪ್ಪು. ಇದೇ ಬೋರ್ಡು ಆಗ ಧೂಳು, ಜಿಗುಟು ಹಿಡಿದು ಬಂದಿತ್ತು. ಅಂಟಕ್ಕ ಕನ್ನಡಿಯಂತೆ ತಿಕ್ಕಿ ಕಳಿಸಿದರು. ಗುಂಡಿಗಳ ಮೇಲಿದ್ದ ಹತ್ತೊಂಬತ್ತು ಗಮ್ಮಿನ ಉಂಡೆಗಳನ್ನೂ ಬಿಡದೆ ಕೆರೆದಿದ್ದರು. ಅವು ಕೊಳೆಯಲ್ಲ, ಆಪರೇಟರ್ ಗುರುತಿಗೆಂದು ಹಾಕಿಸಿಕೊಂಡಿದ್ದ ಚುಕ್ಕಿಗಳು.

“ಹೆರಿಗೆ ವಾರ್ಡಿನ ಕರೆ ಅಡುಗೆಮನೆಗೆ ಹೋಯ್ತು. ‘ಆಯ್ತಾ?’ ಅಂತ ಗರ್ಭಿಣಿ ಕಡೆಯೋರು ಕೇಳಿದ್ರೆ, ‘ಇನ್ನೂ ಬೆಂದಿಲ್ಲ, ಅರ್ಧ ಗಂಟೆ’ ಅಂದನಂತೆ ಅಡುಗೆಯವನು!” ಆಪರೇಟರ್ ನೆನೆದು ನಗುತ್ತಾರೆ. ಅಂಟಕ್ಕ ನಗುವುದಿಲ್ಲ. “ನಿಮಗೆ ತಮಾಷೆ. ನಾನು ಎರಡು ದಿನ ನೆಟ್ಟಗೆ ಊಟ ಮಾಡ್ಲಿಲ್ಲ.”

ಅಂದೇ ಬೋರ್ಡು ವಾಪಸ್ ತರಿಸಿ, ಆಪರೇಟರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಟ್ಟಿ ಗಮ್ಮಿನಿಂದ ಒಂದೊಂದೇ ಚುಕ್ಕಿ ಮತ್ತೆ ಇಟ್ಟುಕೊಟ್ಟರು. ಅವತ್ತಿನಿಂದ ಯಾರು ಏನೇ ತಂದರೂ ಮೊದಲ ಪ್ರಶ್ನೆ ಒಂದೇ: “ಇದರಲ್ಲಿ ಕೊಳೆ ಯಾವುದು, ಬೇಕಾದ್ದು ಯಾವುದು? ತೋರಿಸಿಬಿಡಿ.”

ದಿನಕ್ಕೆ ಏಳೆಂಟು ಯಂತ್ರ ಕೈದಾಟುತ್ತವೆ. ಲ್ಯಾಪ್‌ಟಾಪಿಗೆ ಇಪ್ಪತ್ತು ನಿಮಿಷ ಸಾಕು. ಹಳೆಯ ಟೇಪಿಗೆ ಒಂದೂವರೆ ಗಂಟೆಯಾದರೂ ಬೇಕು. ದಿನಕ್ಕೆ ಹತ್ತಿಯ ಬಡ್ಸ್ ಕಡ್ಡಿ ನಲವತ್ತು, ಬಟ್ಟೆ ಆರು. ಯಂತ್ರದ ಮೇಲೆ ನೇರವಾಗಿ ಏನನ್ನೂ ಸುರಿಯುವುದಿಲ್ಲ. ಬಟ್ಟೆಗೆ ಹಾಕಿ, ಹಿಂಡಿ, ಯಾರಿಗೂ ಕಾಣದ ತಳಭಾಗದಲ್ಲಿ ಮೊದಲು ಒರೆಸಿ ನೋಡುತ್ತಾರೆ. ಬ್ಲೇಡು ಆ ಕೋಣೆಗೇ ಬರಕೂಡದು. ಕೆರೆಯುವುದಿದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡು.

ಈಗ ಕೂದಲು ಒಣಗಿಸುವ ಡ್ರೈಯರನ್ನು ಸಣ್ಣ ಬಿಸಿಯಲ್ಲಿಟ್ಟು ಟೇಪಿನ ತುದಿಗೆ ಹಿಡಿಯುತ್ತಾರೆ. ತುದಿ ಸಡಿಲಿದ ಮೇಲೆ ಡ್ರೈಯರ್ ಆರಿಸಿ, ಟೇಪನ್ನು ಅದರ ಬೆನ್ನ ಮೇಲೇ ಮಡಚಿ, ಕೂದಲೆಳೆಯಷ್ಟೇ ಹಿಂದಕ್ಕೆ ಎಳೆಯುತ್ತಾರೆ. ಜೋರಾಗಿ ಎಳೆದರೆ ಚುಕ್ಕಿಯೂ ಕಿತ್ತು ಬಂದೀತು. ಟೇಪ್ ಪೂರ್ತಿ ಬಿಡುವಷ್ಟರಲ್ಲಿ ಏಳು ಗಂಟೆ. ಡ್ರೈಯರನ್ನು ಆಚೆ ಕೋಣೆಗೆ ಕಳಿಸಿದ ಮೇಲೆಯೇ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯುತ್ತಾರೆ. ಅದರಲ್ಲಿ ಅದ್ದಿ ಹಿಂಡಿದ ದಾರ ಪ್ರತಿ ಗುಂಡಿಯ ಸುತ್ತ ಆಡುತ್ತದೆ.

ಎಂಟಕ್ಕೆ ತಮ್ಮ ಇಣುಕುತ್ತಾರೆ. “ಒಣಗಿದೆಯಲ್ಲ, ಕರೆಂಟ್ ಕೊಡ್ಲಾ?”

“ಮುಟ್ಟಬೇಡ. ಅರ್ಧ ಗಂಟೆ ಬಿಡು.”

“ಇವರು ಒಂಬತ್ತಕ್ಕೆ ಅಲ್ಲಿರಬೇಕು ಅಕ್ಕ!”

“ಮೇಲೆ ಒಣಗಿರೋದು ನನಗೂ ಕಾಣುತ್ತೆ ಕಣೋ. ಒಳಗೆ ನೀನೇನು ಇಳಿದು ನೋಡಿ ಬಂದ್ಯಾ?”

ಆಪರೇಟರ್ ಕೈಗಡಿಯಾರದ ಮುಚ್ಚಳ ತೆರೆದು ಮುಳ್ಳು ಸವರುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಅವರ ಬೆರಳು ಬೋರ್ಡಿನ ಮೇಲೆ ನಡೆಯುತ್ತದೆ. ಹದಿಮೂರನೇ ಗುಂಡಿಯಲ್ಲಿ ನಿಲ್ಲುತ್ತದೆ. “ಬಲಗಡೆ ಒಂಚೂರು ಜಿಗುಟು.” ಬೆಳಕಿಗೆ ಹಿಡಿದರೂ ಯಾರಿಗೂ ಕಾಣದು. ಅಂಟಕ್ಕ ಒಣಬಟ್ಟೆಯ ಅಂಚಿನಿಂದ ತಿಕ್ಕಿ ಕೊಡುತ್ತಾರೆ. “ಕಣ್ಣಿರೋರನ್ನ ಹೊಳಪು ತೋರಿಸಿ ಒಪ್ಪಿಸಬಹುದು. ಇವರನ್ನ ಆಗಲ್ಲ.”

ತಮ್ಮ ಕರೆಂಟು ಕೊಡುತ್ತಾರೆ. ಹತ್ತೊಂಬತ್ತೂ ಗುಂಡಿಗಳು ಟಕ್ಕೆಂದು ಇಳಿದು, ಟಕ್ಕೆಂದು ಏಳುತ್ತವೆ. ಆಸ್ಪತ್ರೆ ಎರಡೇ ಬೀದಿಯಾಚೆ. ತಮ್ಮ ಸ್ಕೂಟರ್ ತೆಗೆಯುತ್ತಾರೆ, ಆಪರೇಟರ್ ಬೋರ್ಡನ್ನು ಮಗುವಿನಂತೆ ಎದೆಗವಚಿಕೊಂಡು ಹಿಂದೆ ಕೂರುತ್ತಾರೆ.

ಒಂಬತ್ತು ಹತ್ತಕ್ಕೆ ಅಂಗಡಿಗೆ ಫೋನು. “ಅಕ್ಕ, ಪಾಳಿಗೆ ಕೂತೆ. ಸಾಹೇಬರೇ ಬಂದು ಒತ್ತಿ ನೋಡಿದ್ರು. ಗಾಜಿನದು ವಾಪಸ್ ಹೋಗುತ್ತಂತೆ. ಇರಿ, ಇನ್ನೊಂದು ಕರೆ ಬಂತು—” ಎಂದು ಮಾತು ಅರ್ಧಕ್ಕೇ ತುಂಡಾಗುತ್ತದೆ. ಅಂಟಕ್ಕ ಸದ್ದಡಗಿದ ಫೋನನ್ನು ಇನ್ನಷ್ಟು ಹೊತ್ತು ಕಿವಿಯಲ್ಲೇ ಇಟ್ಟುಕೊಳ್ಳುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ, ಮುಂದಿನ ಯಂತ್ರ ಎಳೆದುಕೊಳ್ಳುತ್ತಾ ಹೇಳುತ್ತಾರೆ: “ಅಂಟಿಸೋರು ಅಂಟಿಸಲಿ, ಬೇಡ ಅನ್ನಲ್ಲ. ಒಂದು ಮೂಲೆ ಮಡಚಿ ಬಿಟ್ಟರೆ ಸಾಕು, ಉಗುರು ಹಿಡಿಯೋಷ್ಟು. ಮಿಕ್ಕಿದ್ದು ನಾನು ನೋಡ್ಕೋತೀನಿ.”