ಪಿಪೆಟ್ಟಿನಿಂದ ಬಾಯಿಗೆ ಬಂದದ್ದು

ವಡೋದರಾದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ಬೇಸಿಗೆ ರಜೆಯಲ್ಲಿ ಅಹಮದಾಬಾದಿನ ಒಂದು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಎರಡು ತಿಂಗಳ ತರಬೇತಿಗೆ ಸೇರಿದ್ದೆ. ಅಪ್ಪ ವಿಮಾ ಕಚೇರಿಯ ವರ್ಗಾವಣೆಯಿಂದ ಧಾರವಾಡ ಬಿಟ್ಟು ಬಂದವರು. ನಮ್ಮ ಮನೆ ಅದೇ ಊರಿನ ಸ್ಯಾಟಲೈಟ್ ಬಡಾವಣೆಯ ಒಂದು ಸೊಸೈಟಿಯ ಮೂರನೇ ಮಹಡಿಯಲ್ಲಿತ್ತು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

ಬಾವಿಯ, ನಲ್ಲಿಯ ನೀರಿನಲ್ಲಿ ಯಾವ ರೋಗಾಣುಗಳಿವೆ ಎಂದು ನೋಡುವುದು ನನ್ನ ಕೆಲಸ. ಆಗ ಪಿಪೆಟ್ಟೆಂಬ ಸಪೂರ ಗಾಜಿನ ನಳಿಗೆಗೆ ದ್ರವವನ್ನು ಬಾಯಿಯಿಂದಲೇ ಹೀರಿ ಎಳೆಯುತ್ತಿದ್ದೆವು. ಎಳೆಯುವುದಕ್ಕೆಂದು ರಬ್ಬರಿನ ಚೆಂಡೊಂದಿತ್ತು. ಅದು ಸೀಳಿಹೋಗಿ ಎಷ್ಟೋ ಕಾಲವಾಗಿತ್ತು. ತರಬೇತಿ ಮುಗಿಯಲು ಹದಿನಾರು ದಿನವಿದ್ದಾಗ ಒಂದು ಬೆಳಿಗ್ಗೆ, ಯಾರೋ ಕರೆದರೆಂದು ತಿರುಗಿದೆ. ಪಿಪೆಟ್ಟಿನ ತುದಿ ದ್ರವದಿಂದ ಮೇಲೆದ್ದಿತು. ನಾನು ಎಳೆಯುತ್ತಲೇ ಇದ್ದೆ; ಗಾಳಿ ನುಗ್ಗಿ ಒಳಗಿದ್ದದ್ದೆಲ್ಲ ಬಾಯಿಗೇ ಹಾರಿತು. ಸಾರಿನಂಥ ಉಪ್ಪು ರುಚಿ ನಾಲಿಗೆಗೆ ತಾಗಿತು. ಓಡಿ ಹೋಗಿ ಉಗುಳಿದೆ, ಹತ್ತು ಸಲ ಬಾಯಿ ಮುಕ್ಕಳಿಸಿದೆ. ಆದರೆ ಗಂಟಲಲ್ಲಿ ಒಂದಿಷ್ಟು ಇಳಿದದ್ದು ನನಗೆ ಗೊತ್ತಾಗಿತ್ತು. ನೀರಿನಿಂದ ಬೆಳೆಸಿದ ರೋಗಾಣುಗಳಿದ್ದ ಆ ಪರೀಕ್ಷಾ ಕೊಳವೆಯ ಮೇಲೆ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಟೈಫಾಯ್ಡ್, ಪ್ರಶ್ನಾರ್ಥಕ ಚಿಹ್ನೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ತರಬೇತಿ ಅಲ್ಲಿಗೇ ನಿಲ್ಲುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ ಎಂಬ ಹೆದರಿಕೆ. ಮನೆಯಲ್ಲಿ ಕೂಸಿನ ಹತ್ತಿರ ಹೋಗುವುದನ್ನು ಬಿಟ್ಟೆ. ಮೂರನೇ ದಿನ ಅವ್ವ ಕೇಳಿಯೇ ಬಿಟ್ಟಳು.

"ನೋಡಾಕತ್ತೀನಿ, ಕೂಸಿನ್ನ ಮುಟ್ಟವಲ್ಲಿ. ಎತ್ತಿಕೊಂಡ್ರ ನಿನ್ನ ಕೈ ಸವೀತಾವೇನು?"

"ಓದೂದೈತಿ" ಎಂದೆ. ಅಕ್ಕ ಮುಖ ತಿರುಗಿಸಿದಳು.

ಮರುದಿನ ಸಂಜೆ ಬಾಗಿಲು ತೆಗೆಯುವಾಗಲೇ ಅಕ್ಕ ಅಳುತ್ತಿದ್ದಳು. "ಕೂಸಿನ ಮೈ ಕೆಂಡ ಆಗೇತಿ ನೋಡು, ಹಾಲೂ ಕುಡೀವಲ್ದು." ಪಿಪೆಟ್ಟಿನ ಘಟನೆಯಾದ ದಿನ ರಾತ್ರಿ ಎಲ್ಲರಿಗೂ ಚಪಾತಿ ಲಟ್ಟಿಸಿದ್ದು ನಾನೇ; ಅಕ್ಕನೂ ತಿಂದಿದ್ದಳು. ಆಟೊದಲ್ಲಿ ಅಕ್ಕನ ಪಕ್ಕ ಕೂತು, ಅವಳ ಸೆರಗಿಗೂ ನನ್ನ ಮೈ ತಾಗದಂತೆ ಅಂಚಿಗೆ ಸರಿದೆ.

ಡಾಕ್ಟರು ಕೂಸಿನ ಕುಲಾವಿ ಬಿಚ್ಚಿದರು, ಎರಡು ದುಪ್ಪಟಿ ತೆಗೆದರು, ಒದ್ದೆ ಬಟ್ಟೆಯಿಂದ ಮೈ ಒರೆಸಿದರು. "ಈ ಮೇ ತಿಂಗಳಲ್ಲಿ ಇಷ್ಟೆಲ್ಲ ಸುತ್ತಿದರೆ ಮಗು ಕಾಯದೆ ಇರುತ್ತದೆಯೇ?" ಎಂದು ಹಿಂದಿಯಲ್ಲಿ ಗದರಿದರು. ಅರ್ಧ ಗಂಟೆಯಲ್ಲಿ ಕೂಸು ತಣ್ಣಗಾಗಿ ಹಾಲು ಕುಡಿಯಿತು. ನನಗೆ ತಡೆಯಲಾಗಲಿಲ್ಲ. ಅಲ್ಲಿಯೇ, ಅಕ್ಕನ ಎದುರಿಗೇ, ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಅದು ಟೈಫಾಯ್ಡ್ ಹೌದೋ ಅಲ್ಲವೋ ಮೊದಲು ಖಚಿತ ಮಾಡಿಕೊಂಡು ಬಾ" ಎಂದರು.

ಬೆಳಿಗ್ಗೆ ಪ್ರಯೋಗಾಲಯದಲ್ಲಿ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ನಮ್ಮ ವಿಭಾಗ ನೋಡಿಕೊಳ್ಳುತ್ತಿದ್ದ ಗುಜರಾತಿ ಹೆಂಗಸು, ನಗುವುದೇ ಅಪರೂಪ.

"ಎಷ್ಟು ದಿನವಾಯಿತು?"

"ಇವತ್ತಿಗೆ ಐದು."

"ಐದು ದಿನ!" ಎಂದು ಎದ್ದರು. ಗಾಜಿನ ಪಟ್ಟಿಯ ಮೇಲೆ ಆ ಕೊಳವೆಯ ರೋಗಾಣುವಿನ ಹನಿಗೆ ಟೈಫಾಯ್ಡನ್ನು ಗುರುತಿಸುವ ಸೀರಮ್ಮಿನ ಹನಿ ಬೆರೆಸಿ ಮೆಲ್ಲಗೆ ಅಲ್ಲಾಡಿಸಿದರು. ಟೈಫಾಯ್ಡ್ ಆದರೆ ಅದು ಒಡೆದ ಹಾಲಿನಂತೆ ಹರಳುಗಟ್ಟಬೇಕು. ಹರಳುಗಟ್ಟಿತು. "ಕೂತುಕೋ ಬೇಟಾ" ಎಂದರು. ಅಷ್ಟು ಗಡಸಿನವರು ಹಾಗೆ ಕರೆದದ್ದು ಕೇಳಿ ನನ್ನ ಭಯ ಇಮ್ಮಡಿಸಿತು.

ಜ್ವರ ಬಂದರೆ ಕೂಡಲೇ ಬರಬೇಕು, ಮೂರು ಸಲ ಮಲ ಪರೀಕ್ಷೆ ಆಗಬೇಕು, ಅಡುಗೆಮನೆಗೂ ಕೂಸಿನ ಹತ್ತಿರಕ್ಕೂ ಹೋಗಕೂಡದು ಎಂದು ಡಾಕ್ಟರು ವಿಧಿಸಿದರು. ಮನೆಯಲ್ಲಿದ್ದದ್ದು ಒಂದೇ ಪಾಯಿಖಾನೆ. ಅವ್ವ, ಅಕ್ಕ, ಕೂಸು ಬೋಡಕ್‌ದೇವ್ ಬಡಾವಣೆಯಲ್ಲಿದ್ದ ಅಪ್ಪನ ಸ್ನೇಹಿತರ ಮನೆಗೆ ಹೋದರು. ಹೊರಡುವಾಗ ಅಕ್ಕ ನನ್ನ ಕಡೆ ನೋಡಲಿಲ್ಲ.

ಅಪ್ಪ ಅನ್ನ, ಬೇಳೆಸಾರು ಮಾಡಿ ನನ್ನ ತಾಟು ಬೇರೆ ಇಡುತ್ತಿದ್ದರು. ಆಫೀಸಿಗೆ ಹೊರಡುವ ಮೊದಲು ಹಣೆ ಮುಟ್ಟಿ ನೋಡುವರು. ಅವರ ಕೈ ಅಲ್ಲಿ ಒಂದು ಕ್ಷಣ ಹೆಚ್ಚು ನಿಂತರೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಥರ್ಮಾಮೀಟರನ್ನು ದಿನಕ್ಕೆ ಎಂಟು ಹತ್ತು ಸಲ ಬಾಯಲ್ಲಿಟ್ಟುಕೊಳ್ಳುತ್ತಿದ್ದೆ. ಬಿಸಿಲಿಗೆ ತಲೆ ನೋವು ಬಂದರೂ ಶುರುವಾಯಿತು ಅನ್ನಿಸುತ್ತಿತ್ತು.

ಮೇಡಂ ತರಬೇತಿ ನಿಲ್ಲಿಸಲಿಲ್ಲ. ಯಾರೂ ಸುಳಿಯದ ಗ್ರಂಥಾಲಯದ ಮೂಲೆಯಲ್ಲಿ ಕೂರಿಸಿ ವರದಿ ಬರೆಸಿದರು. ಅವಘಡವನ್ನೂ ನನ್ನ ಕೈಯಿಂದಲೇ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಬರೆಸಿದರು. ಕೊನೆಯ ದಿನ ಎಲ್ಲರ ಮುಂದೆ ಕೆಲಸದ ವಿವರ ಹೇಳುವಾಗ ನನ್ನ ಬೆನ್ನೆಲ್ಲ ಬೆವರಿತ್ತು; ಅದು ಜ್ವರದ ಬೆವರೋ ಹೆದರಿಕೆಯದೋ ತಿಳಿಯಲಿಲ್ಲ. ಪ್ರಮಾಣಪತ್ರ ಕೈಗೆ ಬಂದರೂ ಸಂತೋಷವಾಗಲಿಲ್ಲ. ಮೂರನೇ ಪರೀಕ್ಷೆಯ ಫಲಿತಾಂಶ ಇನ್ನೂ ಬಾಕಿಯಿತ್ತು.

ಅದು ಬಂದದ್ದು ಒಂದು ವಾರದ ಮೇಲೆ. ಅದರಲ್ಲೂ ರೋಗಾಣು ಇರಲಿಲ್ಲ. ಪರೀಕ್ಷೆ ಮಾಡಿದ್ದ ಮೇಡಂ ಮನೆಗೇ ಫೋನು ಮಾಡಿ ತಿಳಿಸಿದರು.

ಅಕ್ಕ ವಾಪಸು ಬಂದಳು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೂಸಿಗೆ ಎರೆಯುವಾಗ ಬಾಗಿಲಲ್ಲಿ ನಿಂತಿದ್ದ ನನಗೆ, "ಮೊದ್ಲನೇ ದಿನಾನ ಹೇಳಿದ್ದಿದ್ರ ನಾ ಇಷ್ಟು ಅಂಜತಿದ್ದಿಲ್ಲ" ಎಂದಳು. ಆಮೇಲೆ, "ನೀರು ಹಾಕು ಬಾ" ಎಂದಳು.