ಫಿನ್‌ಲ್ಯಾಂಡಿನ ಮೈದಾನದಲ್ಲಿ ಅವ್ವ ಕರೆದದ್ದು

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ನಂಬದೆ ಇದ್ದರೆ ಆ ದಿನ ಆದದ್ದನ್ನು ಎಲ್ಲಿಡಬೇಕು ಅನ್ನೋದೂ ಗೊತ್ತಿಲ್ಲ. ನೀವು ನಗಬಹುದು, ನನಗೇನೂ ಬೇಜಾರಿಲ್ಲ. ಇಂಥದ್ದೆಲ್ಲ ಅಮಾವಾಸ್ಯೆ ರಾತ್ರಿ ಆಗುತ್ತೆ ಅಂತಾರೆ. ನನಗೆ ಆದದ್ದು ಹಾಡಹಗಲಲ್ಲಿ, ಟಿಕೆಟ್ ತಗೊಂಡು ಬಂದು ಕೂತಿದ್ದ ಜನರ ಎದುರಿಗೆ.

ನಮ್ಮದು ರಾಮನಗರದ ಹತ್ತಿರ ಕೂಟಗಲ್. ರೇಷ್ಮೆ ಹುಳ ಸಾಕುವ ಮನೆ. ಸ್ಕೂಲಿನ ಪಿ.ಟಿ. ಮೇಷ್ಟ್ರು ಕಾಲಿಗೆ ಚೆಂಡು ಹಾಕಿದರು. ಅಲ್ಲಿಂದ ಬೆಂಗಳೂರಿನ ಒಂದು ಕ್ಲಬ್ಬು, ಆಮೇಲೆ ಗೋವಾ, ಕೊನೆಗೆ ಫಿನ್‌ಲ್ಯಾಂಡಿನ ಒಂದು ಸಣ್ಣ ಊರಿನ ತಂಡ. ನಾನು ಡಿಫೆಂಡರ್. ಗೋಲು ಹೊಡೆದವನ ಫೋಟೊ ಪೇಪರಿನಲ್ಲಿ ಬರುತ್ತೆ, ಡಿಫೆಂಡರ್ ಹೆಸರು ಅವನು ತಪ್ಪು ಮಾಡಿದ ದಿನ ಮಾತ್ರ ಜನಕ್ಕೆ ಗೊತ್ತಾಗುತ್ತೆ. ಅದು ನನಗೆ ಒಗ್ಗಿತ್ತು. ಹಿಂದೆ ನಿಂತು ಕಾಯೋ ಕೆಲಸ, ಅಷ್ಟೇ.

ಆದರೆ ನನ್ನಲ್ಲಿ ಒಂದು ಕೆಟ್ಟ ಅಭ್ಯಾಸ ಇತ್ತು. ನಮ್ಮ ಕಡೆ, ಕಣ್ಣಿಗೆ ಕಾಣದ ಕಡೆಯಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದನೇ ಸಲಕ್ಕೆ ಓ ಅನ್ನಬಾರದು, ಎರಡನೇ ಸಲಕ್ಕೂ ಅನ್ನಬಾರದು. ಗಾಳಿ ಎರಡು ಸಲ ಕೂಗಿ ಸುಮ್ಮನಾಗುತ್ತಂತೆ, ಮೂರನೇ ಸಲ ಕೂಗುವವರು ಮನುಷ್ಯರಂತೆ. ಅವ್ವ ಇದನ್ನು ಚಿಕ್ಕಂದಿನಲ್ಲೇ ನನ್ನ ಮೈಗೆ ಹತ್ತಿಸಿಬಿಟ್ಟಿದ್ದಳು. ನಂಬಿಕೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಡಿಫೆಂಡರ್ ಆದವನು ಗೋಲಿಗೆ ಬೆನ್ನು ಹಾಕಿ ನಿಂತಿರುತ್ತಾನೆ, ಹಿಂದಿನಿಂದ ಗೋಲ್‌ಕೀಪರ್ ಕೂಗಿದ ತಕ್ಷಣ ತಿರುಗಬೇಕು. ನಾನು ಕಂಬದ ಹಾಗೆ ನಿಂತಿರುತ್ತಿದ್ದೆ. ಗೋವಾದ ಕೋಚ್ ನನ್ನನ್ನು ಕಿವಿ ಡಾಕ್ಟರ ಹತ್ತಿರವೇ ಕಳಿಸಿದ್ದರು. ಕಿವಿಗೇನಾಗಿತ್ತು, ನೆಟ್ಟಗೇ ಇತ್ತು! ಕಾರಣ ಹೇಳೋಕೆ ನಾಚಿಕೆ. ಕೊನೆಗೆ ಕಿವಿ ನೆಚ್ಚಿಕೊಳ್ಳದೆ ಕಣ್ಣಲ್ಲೇ ಆಡೋದು ಕಲಿತೆ, ಗಳಿಗೆಗೊಂದು ಸಲ ಕತ್ತು ತಿರುಗಿಸಿ ನೋಡಿಕೊಳ್ಳುತ್ತ.

ಅದು ಅಲ್ಲಿನ ಸೀಸನ್ನಿನ ಕೊನೇ ಮ್ಯಾಚು. ಸೋಲದೆ ಇದ್ದರೆ ತಂಡ ಅದೇ ಡಿವಿಜನ್ನಿನಲ್ಲಿ ಉಳಿಯುತ್ತೆ, ನನಗೆ ಇನ್ನೆರಡು ವರ್ಷದ ಕಾಂಟ್ರಾಕ್ಟ್. ಸೋತರೆ ಹೊರದೇಶದವರಿಗೆಲ್ಲ ಊರಿಗೆ ಟಿಕೆಟ್. ಮ್ಯಾನೇಜರ್ ಇದನ್ನು ನನ್ನ ಮುಖ ನೋಡಿಯೇ ಹೇಳಿದ್ದ. ಮಧ್ಯಾಹ್ನದ ಹೊತ್ತು, ಚಳಿಗೆ ಬೆರಳು ಜೋಮು ಹಿಡಿದಿತ್ತು. ಆಟ ಸಮ ಸಮ ನಡೆದಿತ್ತು. ಇನ್ನೇನು ಮುಗಿಯಬೇಕು ಅನ್ನುವಾಗ ಅವರಿಗೆ ಕಾರ್ನರ್ ಕಿಕ್ ಸಿಕ್ಕಿತು. ಅವರಲ್ಲೊಬ್ಬ ಕೆಂಪು ಗಡ್ಡದವನಿದ್ದ, ಒಳ್ಳೆ ಆಟಗಾರ. ಅವನಿಗೆ ಅಂಟಿಕೊಂಡಿರೋದಷ್ಟೇ ನನ್ನ ಕೆಲಸ.

ಆಗ ಬೆನ್ನ ಹಿಂದಿನಿಂದ ಕೇಳಿಸಿತು. "ಕುಳ್ಳಾ..."

ಹುಡುಗನಾಗಿದ್ದಾಗ ಗಿಡ್ಡಕ್ಕಿದ್ದೆ ಅಂತ ಮನೆಯಲ್ಲಿ ಇಟ್ಟ ಹೆಸರು. ಆಮೇಲೆ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದರೂ ಅವ್ವನ ಬಾಯಲ್ಲಿ ಕುಳ್ಳನೇ. ಆ ದೇಶದಲ್ಲಿ ಈ ಹೆಸರು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ನಾನು ಸುಮ್ಮನಿದ್ದೆ. ಎರಡನೇ ಸಲ ಕೂಗಿತು. ಅವ್ವನದೇ ದನಿ, ಕೊನೆಯಲ್ಲಿ ಒಸಿ ಎಳೆಯೋದೂ ಅದೇ ಥರ. ಆಗಲೂ ಸುಮ್ಮನಿದ್ದೆ. ಚೆಂಡು ಒದ್ದರು. ಮೂರನೇ ಸಲ ಕೂಗಿದಾಗ "ಓ" ಅಂದೆ. ಜೋರಾಗಿಯೇ ಅಂದೆ. ಅಂದು ಪೂರ್ತಿ ತಿರುಗಿಬಿಟ್ಟೆ.

ಹಿಂದೆ ಗೋಲ್‌ಕೀಪರ್ ಇದ್ದ, ಬಲೆ ಇತ್ತು, ಅದರ ಹಿಂದೆ ಜಾಹೀರಾತಿನ ಬೋರ್ಡು. ಕೆಂಪು ಗಡ್ಡದವನು ನನ್ನ ಪಕ್ಕದಿಂದ ಹಾರಿ ತಲೆಯಲ್ಲಿ ಹೊಡೆದ ಚೆಂಡು ನನ್ನ ಕಣ್ಣೆದುರೇ ಬಲೆಗೆ ಬಿತ್ತು.

ಡ್ರೆಸಿಂಗ್ ರೂಮಿನಲ್ಲಿ ಯಾರೂ ಬಯ್ಯಲಿಲ್ಲ. ಗೋಲ್‌ಕೀಪರ್ ಮಾತ್ರ, "ನೀನು ಏನೋ ಕೂಗಿದೆಯಲ್ಲ, ಯಾರಿಗೆ?" ಅಂತ ಕೇಳಿದ. ಮ್ಯಾನೇಜರ್ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ದುಃಖ ಬರುತ್ತೆ ಅಂತ ಕಾದೆ, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಬೆರಳು ಮರಗಟ್ಟಿ ಶೂ ಲೇಸು ಬಿಚ್ಚೋಕಾಗದೆ ಎಲ್ಲರೂ ಹೋದ ಮೇಲೂ ಬೆಂಚಿನ ಮೇಲೆ ಕೂತೇ ಇದ್ದೆ.

ವಾಪಸ್ ಬರುತ್ತೇನೆ ಅಂತ ಹೇಳೋಕೆ ಮಾರನೇ ದಿನ ಮನೆಗೆ ಫೋನ್ ಮಾಡಿದೆ. ನಾನು ಬಾಯಿ ಬಿಡೋಕೆ ಮುಂಚೆ ಅವ್ವನೇ ಶುರು ಮಾಡಿದಳು.

"ಎಲ್ಲಿದ್ದೀಯಪ್ಪಾ? ನೆನ್ನೆ ಸಂಜೆ ಹುಳ ಹಣ್ಣಾಗ್ಬುಟ್ಟಿದ್ವು. ನಿಮ್ಮಣ್ಣ ತ್ವಾಟದಿಂದ ಬಂದಿರ್ನಿಲ್ಲ. ಚಂದ್ರಿಕೆ ಇಳಿಸಿಕೊಡೋರು ಯಾರೂ ಇರ್ನಿಲ್ಲ ಅಂತ ಬಾಯ್ತಪ್ಪಿ ನಿನ್ನೇ ಕೂಗ್ಬುಟ್ಟೆ ಕಣಪ್ಪ. ನೀನು ಹಿತ್ಲಿಂದ ಓ ಅಂದ್ಬುಟ್ಟೆ!"

ಹಣ್ಣಾದ ಹುಳ ಕಾಯಲ್ಲ. ಗೂಡು ಕಟ್ಟೋಕೆ ಅವನ್ನು ಬೇಗ ಬೇಗ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಆ ಹೊತ್ತಲ್ಲಿ ಮನೆಯವರಿಗೆ ಮೈಮೇಲೆ ಪ್ರಜ್ಞೆ ಇರಲ್ಲ. ಮೇಲಿಟ್ಟ ಚಂದ್ರಿಕೆಗಳನ್ನು ಇಳಿಸಿಕೊಡುವ ಕೆಲಸ ಎತ್ತರ ಬೆಳೆದ ಮೇಲೆ ನನ್ನದೇ ಆಗಿತ್ತು. ಅವ್ವ ಮರೆತು ಕೂಗಿದ್ದು ನನಗೆ ಅರ್ಥವಾಗುತ್ತೆ. ಉಳಿದದ್ದು ಆಗಲ್ಲ.

ಅತ್ತಿಗೆ ಫೋನ್ ಇಸ್ಕೊಂಡು, "ನಂಗೂ ಕೇಳುಸ್ತು ಕಣಪ್ಪ. ಹೇಳ್ದೆ ಕೇಳ್ದೆ ಬಂದ್ಬುಟ್ಟೇನೋ ಅಂತ ಕಾಫಿಗೆ ಇಟ್ಬುಟ್ಟೆ" ಅಂದರು. ಅಲ್ಲಿಯ ಮಧ್ಯಾಹ್ನ ಇಲ್ಲಿಯ ಸಂಜೆಗೆ ಸರಿಹೋಗುತ್ತೆ. ಹಿತ್ತಿಲಲ್ಲಿ ಯಾರೋ ದಾರಿಹೋಕರು ತಮಾಷೆಗೆ ಓ ಅಂದಿರಬಹುದು. ಚಳಿಗೆ, ಟೆನ್ಷನ್ನಿಗೆ ನನ್ನ ಕಿವಿಯೂ ಮೋಸ ಮಾಡಿರಬಹುದು. ಬೇರೆ ಬೇರೆ ನೋಡಿದರೆ ಎರಡಕ್ಕೂ ಕಾರಣ ಸಿಗುತ್ತೆ. ಎರಡನ್ನೂ ಒಟ್ಟಿಗೆ ಇಟ್ಟರೆ ತಲೆ ಕೆಡುತ್ತೆ.

ಊರಿಗೆ ಬಂದೆ. ಆಮೇಲೆ ಯಾವ ತಂಡವೂ ಕರೆಯಲಿಲ್ಲ. ಈಗ ರಾಮನಗರದ ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ನಾನು ಓ ಅಂದು ತಿರುಗಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಅಣ್ಣ ಮೊಬೈಲಿನಲ್ಲಿ ಆ ಗೋಲಿನ ವಿಡಿಯೊ ಹುಡುಕಿ ಅವ್ವನಿಗೆ ತೋರಿಸಿಬಿಟ್ಟ. ಅದರಲ್ಲಿ ನಾನು ಬಾಯಿ ತೆರೆದು ಹಿಂದಕ್ಕೆ ತಿರುಗೋದನ್ನು ನೋಡಿ ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು.

"ನಾನೇ ನಿನ್ನ ಅನ್ನ ಕಳೆದ್ಬುಟ್ಟೆ" ಅಂದಳು.

"ಹಂಗೇನಿಲ್ಲ ಬುಡವ್ವ" ಅಂದೆ.

"ನೀನು ಬೇಜಾರು ಮಾಡ್ಕತೀಯ ಅಂತ ಒಂದು ಮಾತು ಹೇಳಿರ್ನಿಲ್ಲ. ಅವತ್ತು ನೀನು ಬರೀ ಓ ಅಂದು ಸುಮ್ಕಾಗ್ನಿಲ್ಲ. 'ಬಂದೆ ಕಣವ್ವ' ಅಂದೆ."

ಓ ಅಂದದ್ದು ನಾನೇ, ಅದನ್ನು ಗೋಲ್‌ಕೀಪರ್ ಕೇಳಿಸಿಕೊಂಡಿದ್ದಾನೆ. ಆದರೆ ಬಂದೆ ಅಂತ ನಾನು ಅಂದಿಲ್ಲ. ದೇವರಾಣೆಗೂ ಅಂದಿಲ್ಲ. ಆಗ ನನಗೆ ಬರುವ ಮನಸ್ಸು ಒಂಚೂರೂ ಇರಲಿಲ್ಲ.