ನೆಗೆಣ್ಣಿಯ ಕಂಕುಳಿನ ಚಪ್ಪಲಿ

ಅದು ನಟನೆ ಅಲ್ಲ. ನಮ್ಮ ಹಿರಿ ನೆಗೆಣ್ಣಿ ತಲೆ ಮೇಲೆ ಕೊಡ, ಕಂಕುಳಲ್ಲಿ ಟಾಯರ್ ಅಟ್ಟೆಯ ಚಪ್ಪಲಿ ಇಟ್ಟುಕೊಂಡು, ಒಡೆದ ಹಿಮ್ಮಡ ಊರುತ್ತ ಗೌಡರ ವಾಡೆ ಮುಂದೆ ಹಾದುಹೋದದ್ದು ಹೆದರಿ. ಸಿನಿಮಾದವರು ಚಪ್ಪಾಳೆ ಹೊಡೆದರು. ನಾನು ಬೆನ್ನ ಹಿಂದೆಯೇ ಇದ್ದೆ, ನನಗೆ ಗೊತ್ತು.

ನನ್ನ ಗಂಡನ ಅಣ್ಣನ ಹೆಂಡತಿ ಆಕೆ. ಇರಕಲ್ಲಗಡದ ಕಡೆಯ ನಮ್ಮ ಊರಲ್ಲಿ ಆಕೆಯಷ್ಟು ಗಟ್ಟಿ ಹೆಂಗಸು ಇದ್ದಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿಯನ್ನು ಎರಡು ಸಲ ನೆಲಕ್ಕೆ ಬಡಿದೇ ಮೆಟ್ಟಿಕೊಳ್ಳುತ್ತಿದ್ದಳು. ಆ ಪಟಕ್ ಪಟಕ್ ಕೇಳಿದರೆ ಓಣಿಗೆಲ್ಲ ಗೊತ್ತು, ಯಾರು ಹೊರಟರು ಅಂತ. "ಸಪ್ಪಳ ಮಾಡಿ ನಡೀಬೇಕವಾ. ಹಾವೂ ಸರಿತಾವ, ಗಂಡಸ್ರೂ ಸರಿತಾರ" ಅನ್ನುತ್ತಿದ್ದಳು. ಕಳೆ ತೆಗೆಯಲು ಹೋದಾಗ ಹೊತ್ತು ಮುಳುಗಿದರೂ ಹೊಲದ ಮಾಲಕ ಬಿಡದಿದ್ದರೆ, ಮೊದಲು ಕುರ್ಪಿ ಒಗೆದು ಏಳುವವಳು ಆಕೆ. ನಾವೆಲ್ಲ ಆಕೆಯ ಹಿಂದೆ.

ಗೌಡರ ಮನೆತನದವರು ಊರು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅವರ ದೊಡ್ಡ ಮನೆ, ಆ ವಾಡೆಯಲ್ಲಿ ಪಾರಿವಾಳ ಇದ್ದವು. ಬೆಂಗಳೂರಿನ ಸಿನಿಮಾದವರು ಅದನ್ನು ಬಾಡಿಗೆ ಹಿಡಿದು, ಹಳೆ ಕಾಲದ ಗೌಡರ ದಬ್ಬಾಳಿಕೆ ತೋರಿಸುತ್ತೇವೆ ಎಂದು ಸುಣ್ಣ ಹಚ್ಚಿಸಿದರು. ಕೊಡ ಹೊತ್ತು ವಾಡೆ ಮುಂದೆ ಹಾಯಲು ನಮ್ಮನ್ನು ಕರೆದರು. ಗೌಡನ ಪಾತ್ರದವನು ಮುಂಜಾನೆ ನಮ್ಮೆದುರೇ ಅಂಟು ಹಚ್ಚಿ ಮೀಸೆ ಕೂರಿಸಿಕೊಂಡ. "ಯಪ್ಪಾ, ಹುಷಾರು, ಮೀಸಿ ಚಾದಾಗ ಬಿದ್ದೀತು" ಎಂದು ನೆಗೆಣ್ಣಿ ಕಾಡಿಸಿದಳು. ಅವನೂ ನಕ್ಕ.

ಅದೇ ಮನುಷ್ಯ, ಕ್ಯಾಮೆರಾ ಶುರುವಾದಾಗ, ಕಟ್ಟೆ ಮೇಲೆ ಕೂತು ಗಂಟಲು ಕ್ಯಾಕರಿಸಿದ. ಅಷ್ಟೇ. ಹಳೆ ಗೌಡನೂ ಹಾಗೇ ಕ್ಯಾಕರಿಸುತ್ತಿದ್ದ. ಆ ಸಪ್ಪಳಕ್ಕೆ ದಾರಿಯಲ್ಲಿದ್ದವರೆಲ್ಲ ಚಪ್ಪಲಿ ಬಿಚ್ಚಬೇಕಿತ್ತು. ಬಿಚ್ಚಿರಿ ಎಂದು ಸಿನಿಮಾದವರು ಯಾರೂ ಹೇಳಿರಲಿಲ್ಲ. ನೆಗೆಣ್ಣಿ ಒಂದು ಕೈಲಿ ಕೊಡ ಹಿಡಿದು, ಮೊಣಕಾಲು ಮಡಚಿ, ಚಪ್ಪಲಿ ಬಿಚ್ಚಿ ಕಂಕುಳಿಗೆ ಸಿಕ್ಕಿಸಿದಳು. ಸಪ್ಪಳ ಮಾಡಿ ನಡೀಬೇಕು ಅನ್ನುವ ಈಕೆಯೇ?

ನಿರ್ದೇಶಕ ಓಡಿ ಬಂದ. "ಸೂಪರ್ ಅಜ್ಜಿ! ನಮಗೇ ಹೊಳೆದಿರಲಿಲ್ಲ. ಇನ್ನೊಂದ್ ಸಲ ಹೀಗೇ ಮಾಡಿ. ಸ್ವಲ್ಪ ತಲೆ ಬಗ್ಗಿಸಿ, ಅಳಿ."

ಆಗ ತನ್ನ ಕಂಕುಳು ನೋಡಿಕೊಂಡು ಆಕೆಗೇ ಗಾಬರಿ. ಚಪ್ಪಲಿ ನೆಲಕ್ಕೆ ಎರಡು ಸಲ ಬಡಿದು ಮೆಟ್ಟಿಕೊಂಡಳು.

"ಒಮ್ಮಿ ನನಗ ತಿಳೀದಂಗ ಬಿಚ್ಚೀನಿ. ಇನ್ನೊಮ್ಮಿ ನೀ ಹೇಳ್ದಿ ಅಂತ ಬಿಚ್ಚಲೇನು, ತಮ್ಮಾ? ಅಳೂದಂತೂ ಸುಳ್ಳ. ನಾವು ಅಳ್ತಿದ್ದಿಲ್ಲ, ಬಾಯಾಗ ಬೈಕೋತ ಹೋಗ್ತಿದ್ವಿ. ಅದನ್ನ ತೋರಸ್ತಿ ಏನು?"

"ಅಜ್ಜಿ, ಇದು ಬರೀ ನಟನೆ."

"ಹಂಗಾರ ನೀನ ಬಿಚ್ಚಿ ನಡಿ."

ಕೊಡ ಇಳಿಸಿ ಹೋಗಿಬಿಟ್ಟಳು. ನಿರ್ದೇಶಕ ನನ್ನ ಕಡೆ ನೋಡಿದ. ನಾನು ಬಿಚ್ಚಿದೆ. ಅವನು ಹೇಳಿದಷ್ಟು ಬಗ್ಗಿ, ಕಣ್ಣಿಗೆ ನೀರು ಹಚ್ಚಿಸಿಕೊಂಡು, ಮೂರು ಸಲ ನಡೆದೆ. ನಟನೆ ತಾನೇ, ಏನಾಯಿತು ಅಂದುಕೊಂಡೆ. ಸಂಜೆ ನೆಗೆಣ್ಣಿ ಬೈಯಲಿಲ್ಲ. "ಕಾಲು ಸುಟ್ಟಾವೇನ?" ಎಂದು ಕೇಳಿ ಎಣ್ಣೆ ಕೊಟ್ಟಳು. ಬೈದಿದ್ದರೆ ಚಲೋ ಇತ್ತು.

ಸಿನಿಮಾ ಬರುವ ಮುಂಚೆಯೇ ಆಕೆ ಹೋದಳು. ಎರಡು ದಿನ ಜ್ವರ, ಮುಗಿಯಿತು. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಆ ಸಿನಿಮಾ ಹಚ್ಚಿದಳು. ನೆಗೆಣ್ಣಿ ಒಂದು ಗಳಿಗೆಯೂ ಇಲ್ಲ. ನಾನಿದ್ದೇನೆ, ಬಾಯಿಲ್ಲದ ದನದ ಹಾಗೆ, ಹಿಂದೆ ಅಳುವ ಪಿಟೀಲು.

"ಆಯಿ, ದೊಡ್ಡಾಯಿನೂ ಹಿಂಗ ಅಂಜಿ ಅಳಕೋತ ಹೋಗ್ತಿದ್ಲೇನು?"

ನಾನು ಅವಳ ಕೈಯಿಂದ ಮೊಬೈಲ್ ತೆಗೆದು ಬೋರಲು ಇಟ್ಟೆ.

ಮರುದಿನ ಮುಂಜಾನೆ ಹೊಸ್ತಿಲ ಹೊರಗೆ ಚಪ್ಪಲಿ ಎರಡು ಸಲ ಬಡಿದು ಮೆಟ್ಟಿಕೊಂಡೆ. ಮೊಮ್ಮಗಳ ಕೈ ಹಿಡಿದು ವಾಡೆ ಮುಂದೆ ಕರೆದೊಯ್ದೆ. "ನಿಮ್ಮ ದೊಡ್ಡಾಯಿ ಅಂಜಿದ್ದು ಖರೆ. ಬೈದಿದ್ದೂ ಖರೆ. ಈಗ ಕೇಳು" ಎಂದು ಆಕೆ ಬೈಯುತ್ತಿದ್ದ ಬೈಗುಳಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಬೈಯುತ್ತ, ಚಪ್ಪಲಿ ಸಪ್ಪಳ ಮಾಡುತ್ತ, ಮೂರು ಸಲ ನಡೆದೆ. ಪಾರಿವಾಳ ಎದ್ದು ಹಾರಿದವು.